ಅಣ್ಣನ ಮಗನ ಬಾಲ್ ಪೈತಾನ್ ನಮ್ಮನೇಲಿ ಇಟ್ಕೋಬಹುದಾ? ತೋಟದ ಕೆಳಗೆ ಕಾಳಿಂಗ ಬೇರೆ ಗೂಡು ಕಟ್ಟಿದೆ

ತೋಟದಮನೆ (ಹೊಸನಗರ ಕಡೆ)
ನಮಸ್ಕಾರ ಎಲ್ರಿಗೂ. ಎರಡು ವಿಷ್ಯ ಇದೆ, ಎರಡೂ ಹಾವಿಂದೇ, ಅದ್ಕೆ ಒಟ್ಟಿಗೇ ಕೇಳ್ತಾ ಇದೀನಿ.

ಅಣ್ಣನ ಮಗ ಬೆಂಗ್ಳೂರಲ್ಲಿ ಕೆಲ್ಸದಲ್ಲಿದಾನೆ, ಅಲ್ಲಿ ರೂಮಲ್ಲಿ ಒಂದು ಬಾಲ್ ಪೈತಾನ್ (ಹೊರದೇಶದ ಸಣ್ಣ ಜಾತಿ ಹೆಬ್ಬಾವು) ಸಾಕಿದಾನೆ. ಈಗ ಕಂಪ್ನಿಯವ್ರು ವರ್ಷದ ಮಟ್ಟಿಗೆ ಹೊರದೇಶಕ್ಕೆ ಕಳಿಸ್ತಾರಂತೆ. "ಚಿಕ್ಕಪ್ಪ, ಅಲ್ಲೀವರೆಗೆ ನಿಮ್ಮನೇಲಿ ಇಟ್ಕೊಳಿ, ವಿಷ ಇಲ್ಲ, ಹದಿನೈದು ದಿನಕ್ಕೊಂದು ಇಲಿ ಹಾಕಿದ್ರೆ ಆಯ್ತು" ಅಂತಾನೆ. ಹುಡುಗ ಒಳ್ಳೆಯವ್ನು, ಇಲ್ಲ ಅನ್ನೋಕೆ ಮನಸ್ಸಿಲ್ಲ. ಆದ್ರೆ ಅಮ್ಮಂಗೆ ಒಪ್ಪಿಗೆ ಇಲ್ಲ, ನಾಗನ ಬನ ಇರೋ ಮನೆ, ಹಾವನ್ನ ಪೆಟ್ಟಿಗೇಲಿ ಕೂಡಿ ಹಾಕೋದು ಬೇಡ ಅಂತ ಕೂತಿದಾರೆ. ಕಾನೂನು ಏನು, ನಮ್ ಹವೆಗೆ ಅದು ಬದುಕುತ್ತಾ, ಗೊತ್ತಿದ್ದವ್ರು ಹೇಳಿ.

ಎರಡ್ನೇದು. ತೋಟದ ಕೆಳಗೆ ಬಿದಿರು ಮೆಳೆ ಇದೆ, ದರಗು ಗುಡಿಸೋಕೆ ಹೋದವ್ರು ಹೆದರಿ ಓಡಿ ಬಂದ್ರು. ಬಿದಿರೆಲೆ ಮೊಣಕಾಲುದ್ದ ರಾಶಿ ಬಿದ್ದಿದೆ, ಅದರ ಮೇಲೆ ಕಾಳಿಂಗ ಸುತ್ತಿಕೊಂಡು ಮಲಗಿದೆ. ಪಂಪ್ ಹೌಸ್ ದಾರಿ ಅದ್ರ ಪಕ್ಕದಲ್ಲೇ ಹೋಗುತ್ತೆ. ಆಳುಗಳು ಆ ಕಡೆ ಬರಲ್ಲ ಅಂತಿದಾರೆ. ಹಾವು ಹಿಡಿಯೋರನ್ನ ಕರೆಸಿ ಹಾವು ಮೊಟ್ಟೆ ಎಲ್ಲ ಬೇರೆ ಕಡೆ ಬಿಡಿಸ್ಲಾ?

ಹಿನ್ನೀರು
ಬಿಡಿಸಬೇಡಿ ಮಾರಾಯ್ರೆ. ಯಾರನ್ನೂ ಕರೆಯೋಕೆ ಮುಂಚೆ ಅರಣ್ಯ ಇಲಾಖೆ 1926ಕ್ಕೆ ಫೋನ್ ಮಾಡಿ.

ಹೊಳೆಬಾಗಿಲು
ಇಲಾಖೆಯವ್ರು ಬರೋದ್ರೊಳಗೆ ಯಾರಿಗಾದ್ರೂ ಕಚ್ಚಿದ್ರೆ? ನಿಮಗೆಲ್ಲ ಫೋನಲ್ಲಿ ಟೈಪ್ ಮಾಡೋದು ಸುಲಭ. ಪಂಪ್ ಹಾಕೋಕೆ ದಿನಾ ನಡೆಯೋನು ಅವ್ರು.

ಆಗುಂಬೆ ಮಳೆ
@ಹೊಳೆಬಾಗಿಲು ಭಯ ಆಗೋದು ಸರಿನೇ, ಅದನ್ನ ತಪ್ಪು ಅನ್ನಲ್ಲ. ಆದ್ರೆ ಈ ಗೂಡಿನ ವಿಷ್ಯ ಪೂರ್ತಿ ಕೇಳಿ.

ಎಲೆ ಒಟ್ಟು ಮಾಡಿ ಗೂಡು ಕಟ್ಟೋ ಹಾವು ಪ್ರಪಂಚದಲ್ಲೇ ಕಾಳಿಂಗ ಒಂದೇ. ಕೈ ಇಲ್ಲ ಕಾಲಿಲ್ಲ, ಮೈಯನ್ನೇ ಮಡಚಿ ಮಡಚಿ ಎಲೆ ಎಳ್ಕೊಂಡು ಬರುತ್ತೆ, ಒತ್ತಿ ಒತ್ತಿ ಗೋಪುರ ಮಾಡುತ್ತೆ. ಒಳಗೆ ಇಪ್ಪತ್ತರಿಂದ ನಲವತ್ತು ಮೊಟ್ಟೆವರೆಗೂ ಇರಬಹುದು. ಎಲೆ ಕೊಳೀತಾ ಶಾಖ ಬರುತ್ತೆ, ಮಳೆ ಬಿದ್ರೂ ನೀರು ಒಳಗೆ ಇಳಿಯದ ಹಾಗೆ ಬಿಗಿಯಾಗಿರುತ್ತೆ. ನಮ್ಮಲ್ಲಿ ಮಾರ್ಚ್‌ನಿಂದ ಮೇ ಒಳಗೆ ಕಟ್ಟೋದು, ಮರಿ ಬರೋದು ಮಳೆ ಹಿಡಿದ್ಮೇಲೆ. ತಾಯಿ ಎಷ್ಟೋ ದಿನ ಏನೂ ತಿನ್ನದೆ ಕಾವಲು ಕೂತಿರುತ್ತೆ, ಮರಿ ಒಡೆಯೋಕೆ ಮುಂಚೆ ತಾನೇ ಎದ್ದು ಹೋಗುತ್ತೆ.

ಈಗ ಆ ರಾಶಿ ಕೆದಕಿದ್ರೆ ಶಾಖ ಹೋಯ್ತು. ಮೊಟ್ಟೆ ತಿರುಗಿಸಿ ಎತ್ತಿಟ್ರೆ ಒಳಗಿನ ಭ್ರೂಣನೇ ಸಾಯಬಹುದು. ಆಮೇಲೆ ತಾಯಿ ಹಾವನ್ನ ದೂರ ಬಿಟ್ರೆ ಅದೂ ದಿಕ್ಕು ತಪ್ಪುತ್ತೆ. ಆಗುಂಬೇಲಿ ಹಾವು ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ರಲ್ಲ, ಅಲ್ಲಿ 2008ರಿಂದ ಕಾಳಿಂಗಗಳ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಹಿಂದೆ ಹಿಂದೆ ನಡೆದು ನೋಡಿದಾರೆ. ತನ್ನ ಜಾಗದಲ್ಲೇ ಇದ್ದ ಹಾವಿಗೆ ಬಿಲ ಎಲ್ಲಿ ನೀರೆಲ್ಲಿ ಗೊತ್ತು, ದೂರ ಬಿಟ್ಟಿದ್ದು ಮಾತ್ರ ಸಿಕ್ಕಾಪಟ್ಟೆ ಅಲೆದಾಡಿತ್ತು.

ನಿಮ್ಗೆ ಬೇಕಾಗಿರೋದು ಎರಡು ತಿಂಗಳ ಮಟ್ಟಿಗೆ ಬೇರೆ ದಾರಿ, ಅಷ್ಟೇ.

ಹೊಳೆಬಾಗಿಲು
ಗೂಡು ಕಾಯೋ ಹೆಣ್ಣು ಅಟ್ಟಿಸಿಕೊಂಡು ಬರುತ್ತೆ ಅಂತಾರಲ್ಲ?

ಆಗುಂಬೆ ಮಳೆ
ಗೂಡಿನ ತೀರಾ ಹತ್ರ ಹೋದ್ರೆ ಎದ್ದು ನಿಂತು ಹೆಡೆ ಬಿಚ್ಚಿ ಹೆದರಿಸುತ್ತೆ, ಒಂದು ಥರ ದಪ್ಪ ಸ್ವರದಲ್ಲಿ ಗುರ್ ಅನ್ನುತ್ತೆ, ಬಾಯಿ ಮುಚ್ಕೊಂಡೇ ನುಗ್ಗಿದ ಹಾಗೆ ಮಾಡುತ್ತೆ. ನಾವು ಹಿಂದೆ ಸರಿದ್ರೆ ಅದೂ ಇಳಿಯುತ್ತೆ. ಅಟ್ಟಾಡಿಸಿ ಕಚ್ಚೋ ಹಾವಲ್ಲ ಅದು. ನಮ್ ಊರಲ್ಲಿ ಕೊಟ್ಟಿಗೆ ಹಿಂದೆ ಕೇರೆ ನುಂಗಿ ಮಲಗಿದ್ದನ್ನ ಎಷ್ಟೋ ಮನೆಯವ್ರು ನೋಡಿದಾರೆ, ಕೈ ಮುಗಿದು ಒಳಗೆ ಹೋಗ್ತಾರೆ. ಅದರ ಊಟನೇ ಬೇರೆ ಹಾವು: ಕೇರೆ, ನಾಗರ, ಗುಳಿಮಂಡಲ.

ಕಪ್ಪುಕೋಟು
ಕಾನೂನು ಕೇಳಿದ್ರಲ್ಲ, ಸ್ವಲ್ಪ ಬಿಡಿಸಿ ಹೇಳ್ತೀನಿ, ಇದ್ರಲ್ಲಿ ತುಂಬಾ ಜನ ಗೊಂದಲ ಮಾಡ್ಕೋತಾರೆ.

ಕಾಳಿಂಗದ್ದು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಆಮೇಲೆ ಕಾಳಿಂಗ, ನಾಗರ, ಕೊಳಕುಮಂಡಲ, ಕೇರೆ ಎಲ್ಲ ಮೊದಲ ಶೆಡ್ಯೂಲ್‌ನಲ್ಲಿವೆ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟೀಲಿ. ಹೆಬ್ಬಾವು ಮೊದಲಿಂದನೂ ಅಲ್ಲೇ ಇತ್ತು. ಕಾಯ್ದೇಲಿ ಬೇಟೆ ಅಂದ್ರೆ ಕೊಲ್ಲೋದು ಮಾತ್ರ ಅಲ್ಲ. ಹಿಡಿಯೋದೂ ಬೇಟೆನೇ, ಸರೀಸೃಪದ ಮೊಟ್ಟೆ ಹಾಳು ಮಾಡೋದು, ಗೂಡು ಕೆದಕೋದು ಕೂಡ ಬೇಟೆನೇ. ಶಿಕ್ಷೆ ಮೂರು ವರ್ಷದಿಂದ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಹಾಗಾಗಿ ಇಲಾಖೆಗೆ ತಿಳಿಸದೆ ಯಾರನ್ನೋ ಕರೆಸಿ ಗೂಡು ತೆಗೆಸಿದ್ರೆ ನೀವೂ ಸಿಕ್ಕಿಬೀಳ್ತೀರಿ.

ಬಾಲ್ ಪೈತಾನ್ ನಮ್ ದೇಶದ್ದಲ್ಲ, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ವನ್ಯಜೀವಿ ವ್ಯಾಪಾರಕ್ಕೆ ಮಿತಿ ಹಾಕೋ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟೀಲಿದೆ, ಆ ಪಟ್ಟಿಗಳನ್ನೇ ನಮ್ ಕಾಯ್ದೆಯ ನಾಲ್ಕನೇ ಶೆಡ್ಯೂಲ್‌ಗೆ ಸೇರಿಸಿದಾರೆ. ಸಾಕೋದೇ ಅಪರಾಧ ಅಂತಿಲ್ಲ, ಆದ್ರೆ ನೋಂದಣಿ ಆಗಿರಲೇಬೇಕು. 2024ರ ಫೆಬ್ರವರಿಲಿ ನಿಯಮ ಬಂತು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ. ಒಬ್ಬರ ಹೆಸರಿಂದ ಇನ್ನೊಬ್ಬರಿಗೆ ಹೋದ್ರೆ ಅದನ್ನೂ ತಿಳಿಸಬೇಕು. "ಒಂದು ವರ್ಷಕ್ಕೆ ಚಿಕ್ಕಪ್ಪನ ಮನೇಲಿ" ಅನ್ನೋದು ಬಾಯಿಮಾತಲ್ಲಿ ಆಗೋ ಕೆಲ್ಸ ಅಲ್ಲ. ಮೊದ್ಲು ಹುಡುಗನ ಹತ್ರ ಕಾಗದ ಇದ್ಯಾ ಕೇಳಿ, ಎಲ್ಲಿಂದ ತಂದ ಅನ್ನೋದೂ ಕೇಳಿ.

ತೋಟದಮನೆ
ಫೋನ್ ಮಾಡಿ ಕೇಳ್ದೆ. ಕಾಗದ ಇದೆಯಂತೆ, ಅವನ ಹೆಸ್ರಲ್ಲೇ ನೋಂದಣಿ ಆಗಿದೆ, ಫೋಟೋ ಕಳಿಸ್ದ.

ಮರಿಪೈತಾನ್ (ಶಿವಮೊಗ್ಗ ಸಿಟಿ)
ನಾನೂ ಸಾಕಿದೀನಿ, ಎರಡು ಬಾಲ್ ಪೈತಾನ್, ಎರಡೂ ನೋಂದಣಿ ಆಗಿದಾವೆ. ಹಾವು ಸಾಕೋರು ಅಂದ್ರೆ ಶೋಕಿ ಅಂತ ತಿಳ್ಕೋಬೇಡಿ. ನಮ್ಮನೇಲಿ ಮೊದ್ಲು ಹಾವು ಅಂದ್ರೆ ದೊಣ್ಣೆ ಹುಡುಕೋರು, ಈಗ ಅಪ್ಪ ಅಂಗಳಕ್ಕೆ ಬಂದ ಕೇರೇನ ಸುಮ್ನೆ ನಿಂತು ನೋಡ್ತಾರೆ. ಪಕ್ಕದ ಮನೆ ಮಕ್ಳು ಬಂದು ಮುಟ್ಟಿ ಹೋಗ್ತಾರೆ, ಲೋಳೆ ಇಲ್ವಲ್ಲ ಅಂತ ಆಶ್ಚರ್ಯ ಪಡ್ತಾರೆ. ಹೆದರಿದ್ರೆ ಚೆಂಡಿನ ಥರ ಸುತ್ಕೊಂಡು ತಲೆ ಒಳಗೆ ಮುಚ್ಕೊಳ್ಳೋ ಪ್ರಾಣಿ ಅದು, ಬಹಳ ಸಾಧು.

ಕಾನುಮನೆ
ಸಾಧು ಇರಬಹುದು, ಬಂದಿದ್ದೆಲ್ಲಿಂದ? 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗ್ಳೂರ್ ಏರ್‌ಪೋರ್ಟ್‌ಗೆ ಬಂದ ಬ್ಯಾಗಲ್ಲಿ 55 ಬಾಲ್ ಪೈತಾನ್, 17 ಕಾಳಿಂಗ ಸಿಕ್ಕಿದ್ವು. ಜೊತೇಲಿದ್ದ ಆರು ಕಪುಚಿನ್ ಕೋತಿ ಸತ್ತೇ ಹೋಗಿದ್ವು. ಡಬ್ಬದೊಳಗೆ ತುರುಕಿ ವಿಮಾನದಲ್ಲಿ ತರ್ತಾರೆ, ಅದನ್ನ ನಾವು ಪ್ರೀತಿ ಅಂತ ಕೊಂಡ್ಕೋತೀವಿ. ನನಗೆ ಸಾಕೋದ್ರ ಮೇಲೆ ಸಿಟ್ಟಿಲ್ಲ, ಈ ಸರಪಳಿ ಮೇಲೆ ಸಿಟ್ಟು.

ಮರಿಪೈತಾನ್
ಅದು ನಿಜ, ಅದನ್ನ ನಾನೂ ಒಪ್ತೀನಿ. ಅದಕ್ಕೇ ಇಲ್ಲೇ ಮರಿ ಮಾಡ್ಸಿರೋ ಹಾವು, ಕಾಗದ ಸಮೇತ ಕೊಡೋರ ಹತ್ರ ಮಾತ್ರ ತಗೋಬೇಕು ಅನ್ನೋದು. ಕಾಗದ ಕೇಳಿದ್ರೆ ಮುಖ ತಿರುಗಿಸೋರ ಹತ್ರ ತಗೊಂಡ್ರೆ ಆ ಬ್ಯಾಗಿಗೆ ನಾವೇ ದುಡ್ಡು ಕೊಟ್ಟಂಗೆ.

ದನದ ಡಾಕ್ಟ್ರು
ತೋಟದಮನೆಯವ್ರೇ, ಕಾಗದ ಸರಿ ಇದ್ರೂ ನಿಮ್ಮನೇಲಿ ಮಳೆಗಾಲದಲ್ಲಿ ಬೇಡ ಅಂತ ನನ್ನ ಸಲಹೆ. ಕಾರಣ ಕರೆಂಟು.

ಆ ಹಾವಿಗೆ ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ ಬಿಸಿ ಇರ್ಬೇಕು, ಇನ್ನೊಂದು ಬದಿ 25-26. ಬಿಸಿ ಬೇಕಾದಾಗ ಆ ಕಡೆ, ಬೇಡದಾಗ ಈ ಕಡೆ ಅದೇ ಸರಿದಾಡುತ್ತೆ. ಹೀಟ್ ಮ್ಯಾಟು, ಅದಕ್ಕೆ ಥರ್ಮೋಸ್ಟಾಟು ಕಡ್ಡಾಯ, ಇಲ್ದಿದ್ರೆ ಹೊಟ್ಟೆ ಚರ್ಮ ಸುಟ್ಟೇ ಹೋಗುತ್ತೆ. ಈಗ ಹೇಳಿ, ಜುಲೈನಲ್ಲಿ ಹೊಸನಗರದ ಕಡೆ ಮರ ಬಿದ್ದು ಲೈನ್ ಹೋದ್ರೆ ಎಷ್ಟು ದಿನಕ್ಕೆ ಬರುತ್ತೆ? ಮನೆಯೊಳಗೇ ಇಪ್ಪತ್ತು ಡಿಗ್ರಿ, ಗೋಡೆ ಎಲ್ಲ ಥಂಡಿ. ಚಳಿ ಜೊತೆ ಒದ್ದೆ ಸೇರಿದ್ರೆ ಶ್ವಾಸಕೋಶದ ಸೋಂಕು ಬರುತ್ತೆ. ಮೂಗಲ್ಲಿ ನೊರೆ ಗುಳ್ಳೆ, ಬಾಯಿ ತೆರೆದು ತಲೆ ಮೇಲೆತ್ತಿ ಉಸಿರಾಡೋದು, ಕಿವಿ ಇಟ್ರೆ ಸೀಟಿ ಹೊಡೆದ ಹಾಗೆ ಸದ್ದು. ಅದಕ್ಕೆ ಔಷಧಿ ಕೊಡೋ ಅಭ್ಯಾಸ ಇರೋ ಡಾಕ್ಟ್ರು ಹಳ್ಳಿ ಕಡೆ ಸಿಗೋದು ಕಷ್ಟ, ನಾವೆಲ್ಲ ದನ ಎಮ್ಮೆ ನಾಯಿ ನೋಡೋರು.

ತೋಟದಲ್ಲಿ ಸಿಕ್ಕಿದ ಇಲಿ ಹಾಕಬೇಡಿ. ಪಾಷಾಣ ತಿಂದಿರುತ್ತೆ, ಹುಳ ಇರುತ್ತೆ. ಸಾಕಿದ ಇಲೀನ ಫ್ರೀಜ್ ಮಾಡಿ, ಕರಗಿಸಿ, ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದು ಕೊಡ್ಬೇಕು. ಜೀವಂತ ಇಲಿ ಬಿಟ್ರೆ ಅದೇ ಹಾವನ್ನ ಕಚ್ಚಿ ಗಾಯ ಮಾಡುತ್ತೆ. ತಿಂದ್ಮೇಲೆ ಎರಡು ದಿನ ಮುಟ್ಟಬಾರ್ದು, ವಾಂತಿ ಮಾಡುತ್ತೆ. ಮುಟ್ಟಿದ ಮೇಲೆ ಸೋಪ್ ಹಾಕಿ ಕೈ ತೊಳೀಬೇಕು, ಮಕ್ಕಳಂತೂ ತೊಳೀಲೇಬೇಕು, ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಸೋಂಕು ಬರುತ್ತೆ.

ಸಾಗರದ ಸೊಸೆ
ಡಾಕ್ಟ್ರು ಹೇಳಿದ್ದು ಕೇಳಿ ಪಾಪ ಅನ್ನಿಸ್ತು, ಅಷ್ಟು ದೂರದ ಪ್ರಾಣಿ ನಮ್ ಥಂಡೀಲಿ ನಡುಗ್ತಾ ಕೂರೋದು. ತಪ್ಪಿಸ್ಕೊಂಡು ಹೋದ್ರೆ?

ದನದ ಡಾಕ್ಟ್ರು
ತಪ್ಪಿಸ್ಕೊಳ್ಳುತ್ತೆ ಅಕ್ಕ, ಮುಚ್ಚಳ ಒಂದು ಬೆರಳು ಸಡಿಲ ಇದ್ರೆ ಸಾಕು. ಹೆಂಚಿನ ಮನೇಲಿ ಅಟ್ಟಕ್ಕೆ ಸೇರಿದ್ರೆ ಹುಡುಕೋಕೆ ಆಗಲ್ಲ. ಹೊರಗಿನ ಹಾವಿನ ಮೈಯಲ್ಲಿರೋ ರೋಗ, ಉಣ್ಣಿ ಹುಳ ನಮ್ ಕಾಡಿನ ಹಾವಿಗೆ ತಗಲೋದೂ ಬೇಡ.

ಸಾಗರದ ಸೊಸೆ
ನಮ್ಮನೆ ಅಟ್ಟದ ಕಥೆ ಹೇಳ್ತೀನಿ. ಅಡಿಕೆ ಚೀಲ ಇಡೋ ಅಟ್ಟದಲ್ಲಿ ಒಂದು ಕೇರೆ ಇದೆ, ನಾನು ಮದುವೆ ಆಗಿ ಬಂದಾಗಿನಿಂದ್ಲೂ ಅಲ್ಲೊಂದು ಕೇರೆ ಇದ್ದೇ ಇದೆ, ಅದೇನಾ ಅದರ ಮಗಳಾ ಗೊತ್ತಿಲ್ಲ. ಮಧ್ಯಾಹ್ನ ಬಿಸಿಲು ಹೆಂಚಿನ ಗಾಜಿಂದ ಬಿದ್ದಾಗ ಜಂತಿ ಮೇಲೆ ಉದ್ದಕ್ಕೆ ಚಾಚ್ಕೊಂಡಿರುತ್ತೆ, ಕಣ್ಣು ದೊಡ್ಡದಾಗಿ ದುಂಡಗೆ ಹೊಳೀತಿರುತ್ತೆ, ತುಟಿ ಮೇಲೆ ಕಪ್ಪು ಗೆರೆ ಗೆರೆ. ಪೊರೆ ಬಿಟ್ರೆ ಜಂತಿಗೆ ನೇತಾಡ್ತಿರುತ್ತೆ, ಕಣ್ಣಿನ ಮೇಲಿನ ಪೊರೆ ಸಮೇತ ಬಂದಿರುತ್ತೆ. ಪಕ್ಕದ ಮನೆಯವ್ರು ಇಲಿ ಪಾಷಾಣಕ್ಕೆ ದುಡ್ಡು ಸುರೀತಾರೆ, ನಮ್ಮಲ್ಲಿ ಚೀಲ ಒಂದೂ ತೂತಾಗಿಲ್ಲ. ಅತ್ತೆ ಅದನ್ನ "ಮೇಲಿನವಳು" ಅಂತ ಕರೀತಾರೆ. ಇದೂ ಸಾಕಿದ ಹಾವೇ ಅಲ್ವಾ, ಪೆಟ್ಟಿಗೆ ಒಂದಿಲ್ಲ ಅಷ್ಟೇ.

ಹುಲ್ಲುಗಾವಲು
ಕೇರೆ ಇದ್ರೆ ನಾಗರ ಬರುತ್ತೆ ಅಕ್ಕ, ಎರಡೂ ಜೋಡಿ. ನಮ್ ಗದ್ದೇಲಿ ಹೆಣೆದುಕೊಂಡು ಎದ್ದು ನಿಂತಿದ್ದನ್ನ ಕಣ್ಣಾರೆ ನೋಡಿದೀನಿ.

ಆಗುಂಬೆ ಮಳೆ
ನೀವು ನೋಡಿದ್ದು ಎರಡು ಗಂಡು ಕೇರೆ. ಹೆಣ್ಣಿಗಾಗಿ ಬಲಾಬಲ ನೋಡೋದು, ಹೆಣೆದುಕೊಂಡು ಒಂದು ಇನ್ನೊಂದನ್ನ ನೆಲಕ್ಕೆ ಒತ್ತೋಕೆ ನೋಡುತ್ತೆ, ಸೋತಿದ್ದು ಹೋಗುತ್ತೆ. ನಾಗರಕ್ಕೂ ಕೇರೆಗೂ ಸಂಬಂಧನೇ ಇಲ್ಲ, ಸಿಕ್ಕಿದ್ರೆ ನಾಗರ ಕೇರೇನ ತಿನ್ನುತ್ತೆ. ಬಾಲದಲ್ಲಿ ಹೊಡೀತದೆ, ಹಸುವಿನ ಹಾಲು ಕುಡೀತದೆ ಅನ್ನೋದೂ ಇಲ್ಲ.

ಹುಲ್ಲುಗಾವಲು
ಹಾಲು ಕುಡಿಯಲ್ಲ ಅಂದ್ರೆ ಪಂಚಮಿಗೆ ನಾವು ಹುತ್ತಕ್ಕೆ ಎರೆಯೋದು ಸುಳ್ಳಾ?

ಸಾಗರದ ಸೊಸೆ
ಸುಳ್ಳು ಯಾಕೆ ಆಗುತ್ತೆ ಅಣ್ಣ, ನಾವು ಕಲ್ಲಿಗೆ ಎರೀತೀವಿ, ನಮ್ ನಂಬಿಕೆಗೆ ಎರೀತೀವಿ. ಹಾವು ಕುಡಿದೇ ತೀರಬೇಕು ಅಂತ ಹಿಡ್ಕೊಂಡು ಬಂದು ಬಾಯಿಗೆ ಸುರಿಯೋದು ಮಾತ್ರ ಹಿಂಸೆ. ನಾಗನ ಬನ ಇರೋದ್ರಿಂದ್ಲೇ ಎಷ್ಟೋ ಊರಲ್ಲಿ ನಾಕು ದೊಡ್ಡ ಮರ ಉಳ್ದಿರೋದು.

ಕಾನುಮನೆ
ಹೌದು. ತೋಟದಮನೆಯವರ ಅಮ್ಮ ಹೇಳಿದ ಮಾತು ನಂಗೆ ತುಂಬಾ ಹಿಡಿಸ್ತು. ನಾವು ಕಾನೂನು ಓದಿ ಹೇಳೋದನ್ನ ಅವ್ರು ಬನ ನೋಡಿ ಹೇಳಿದಾರೆ.

ನರ್ಸಕ್ಕ
ಎಲ್ರೂ ಕಾಳಿಂಗಕ್ಕೆ ಹೆದರ್ತಿದೀರಿ, ನಾನು ಕೆಲ್ಸ ಮಾಡೋ ಕಡೆ ಕಾಳಿಂಗ ಕಚ್ಚಿದ ಕೇಸು ಒಂದೂ ನೋಡಿಲ್ಲ. ನಂಗೆ ಭಯ ಕಟ್ಟುಹಾವಿಂದು.

ಮಳೆಗಾಲದಲ್ಲಿ ಬೆಳಗಿನ ಜಾವ ಬರ್ತಾರೆ. ಹೊಟ್ಟೆನೋವು, ವಾಂತಿ, ಗ್ಯಾಸ್ಟ್ರಿಕ್ ಇರ್ಬೇಕು ಅಂತಾರೆ. ಗಾಯ ಇಲ್ಲ, ಊತ ಇಲ್ಲ. ಮಾತಾಡ್ತಾ ಮಾತಾಡ್ತಾ ರೆಪ್ಪೆ ಜೋತು ಬೀಳುತ್ತೆ, ಎತ್ತೋಕೆ ಆಗಲ್ಲ, ಉಗುಳು ನುಂಗೋಕೆ ಆಗಲ್ಲ. ನೆಲದ ಮೇಲೆ ಮಲಗಿದ್ರಾ ಅಂದ್ರೆ ಹೌದು ಅಂತಾರೆ. ರಾತ್ರಿ ಹಾಸಿಗೆಗೆ ಬಂದು ಕಚ್ಚಿರುತ್ತೆ, ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗಿರಲ್ಲ. ಹೊತ್ತಿಗೆ ಸರಿಯಾಗಿ ಬಂದ್ರೆ ವೆಂಟಿಲೇಟರ್ ಹಾಕಿ ಉಳಿಸ್ಕೋಬಹುದು. ಮೊದ್ಲು ನಾಟಿ ಔಷಧಿ ಅಂತ ಅರ್ಧ ದಿನ ಕಳೆದು ಬಂದವ್ರನ್ನ ನೋಡೋಕಾಗಲ್ಲ. ದಯವಿಟ್ಟು ಮಂಚದ ಮೇಲೆ ಮಲಗಿ, ಸೊಳ್ಳೆಪರದೆ ಕಟ್ಟಿ ನಾಕೂ ಕಡೆ ಹಾಸಿಗೆ ಅಡಿಗೆ ಸಿಕ್ಕಿಸಿ.

ಕಚ್ಚಿದ್ರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ, ಹಾವು ಹುಡುಕ್ತಾ ಹೊತ್ತು ಕಳೀಬೇಡಿ. ಉಂಗುರ ಬಳೆ ಕಾಲ್ಗೆಜ್ಜೆ ಬಿಚ್ಚಿ, ಮುರಿದ ಕೈಗೆ ಕಟ್ಟೋ ಹಾಗೆ ದಬ್ಬೆ ಇಟ್ಟು ಅಲುಗದ ಹಾಗೆ ಕಟ್ಟಿ, ನಡೆಸಬೇಡಿ, 108 ಕರೀರಿ. ಹೊರಡೋವಾಗ್ಲೇ ಆಸ್ಪತ್ರೆಗೆ ಫೋನ್ ಮಾಡಿ ಔಷಧಿ ಇದ್ಯಾ ಕೇಳ್ಕೊಂಡು ಹೊರಡಿ. 2024ರಿಂದ ನಮ್ ರಾಜ್ಯದಲ್ಲಿ ಹಾವು ಕಡಿತ ಅಧಿಸೂಚಿತ ಕಾಯಿಲೆ, ಆಸ್ಪತ್ರೆಯವ್ರು ಪ್ರತಿ ಕೇಸೂ ಸರ್ಕಾರಕ್ಕೆ ವರದಿ ಮಾಡಲೇಬೇಕು.

ಹೊಳೆಬಾಗಿಲು
ಅಕ್ಕ ಕಟ್ಟುಹಾವು ಗುರುತು ಹೇಗೆ? ನಮ್ಮಲ್ಲಿ ಪಟ್ಟೆ ಇರೋದೆಲ್ಲ ಹೊಡೆದು ಹಾಕ್ತಾರೆ.

ಆಗುಂಬೆ ಮಳೆ
ಹೊಡೆಯೋದ್ರಲ್ಲಿ ಹೆಚ್ಚಿನವು ತೋಳಹಾವು, ವಿಷ ಇಲ್ಲ. ಕಟ್ಟುಹಾವಿಗೆ ಬಿಳಿ ಪಟ್ಟೆ ಬಾಲದ ಕಡೆ ಸ್ಪಷ್ಟ, ತಲೆ ಕಡೆ ಬರ್ತಾ ಮಾಸಿ ಹೋಗುತ್ತೆ, ಮೈ ನೀಲಿಗಪ್ಪು ಹೊಳಪು. ತೋಳಹಾವಿಗೆ ಉಲ್ಟಾ, ಕುತ್ತಿಗೆ ಕಡೆ ಸ್ಪಷ್ಟ, ಬಾಲದ ಕಡೆ ಮಾಸುತ್ತೆ. ಆದ್ರೆ ರಾತ್ರಿ ಟಾರ್ಚ್ ಬೆಳಕಲ್ಲಿ ಪರೀಕ್ಷೆ ಮಾಡೋಕೆ ಹೋಗಬೇಡಿ, ಯಾವುದಾದ್ರೂ ಸರಿ ದೂರ ನಿಂತು ಇಲಾಖೆಗೆ ಫೋನ್ ಮಾಡಿ.

ರಿಪ್ಪನ್‌ಪೇಟೆ ಹುಡ್ಗ
ಎರಡು ತಲೆ ಹಾವು ಸಾಕಿದ್ರೆ ದುಡ್ಡು ಬರುತ್ತೆ ಅಂತ ಒಬ್ರು ನಮ್ ಅಪ್ಪನ ತಲೆ ತಿಂತಿದಾರೆ, ಲಕ್ಷಗಟ್ಲೆ ಕೊಡೋರು ಇದಾರಂತೆ

ಕಪ್ಪುಕೋಟು
ಅಪ್ಪನಿಗೆ ಇವತ್ತೇ ಹೇಳಿ ತಮ್ಮ, ಅದು ಮೋಸ. ಮಣ್ಣುಮುಕ್ಕ ಹಾವು ಅದು, ಬಾಲ ಮೊಂಡಾಗಿ ತಲೆ ಥರ ಕಾಣುತ್ತೆ ಅಷ್ಟೇ. ಅದೃಷ್ಟ, ನಿಧಿ ಅಂತ ಹೇಳಿ ಅಡ್ವಾನ್ಸ್ ಕೀಳೋ ದಂಧೆ. ಮಾರೋಕೆ ಹೋದೋರು ಜೈಲಿಗೆ ಹೋಗ್ತಾರೆ, ಹಾವು ತೂಕ ಜಾಸ್ತಿ ಮಾಡ್ಬೇಕು ಅಂತ ಏನೇನೋ ತುರುಕಿ ಸಾಯಿಸ್ತಾರೆ.

ಕಾನುಮನೆ
ಹಾವು ಹಿಡಿಯೋರ ವಿಡಿಯೋ ಬಗ್ಗೆನೂ ಒಂದು ಮಾತು. ಬಾಲ ಹಿಡಿದು ನೇತಾಡಿಸಿ, ಹೆಡೆಗೆ ಮುತ್ತು ಕೊಟ್ಟು ಲೈಕ್ ಎಣಿಸ್ತಾರಲ್ಲ, ಅವ್ರನ್ನ ಊರಿಗೆ ಕರೀಲೇಬೇಡಿ. ಒಳ್ಳೆಯವ್ರು ಬಂದ್ರೆ ಕೊಕ್ಕೆ, ಪೈಪು, ಚೀಲ ತರ್ತಾರೆ, ಜನರನ್ನ ದೂರ ನಿಲ್ಲಿಸ್ತಾರೆ, ಹಾವನ್ನ ಕೈಯಲ್ಲಿ ಮುಟ್ಟೋದೇ ಇಲ್ಲ.

ತೋಟದಮನೆ
ಎಲ್ರಿಗೂ ಥ್ಯಾಂಕ್ಸ್. ಇಲಾಖೆಯವ್ರು ಬಂದು ನೋಡಿದ್ರು, ಗೂಡಿಗೆ ಕೈ ಹಚ್ಚಲ್ಲ ಅಂದ್ರು. ದೂರದಿಂದ ಹಗ್ಗ ಎಳೆದು ಬಟ್ಟೆ ಕಟ್ಟಿದಾರೆ. ಪಂಪಿಗೆ ಮೇಲಿನ ಧರೆಯಿಂದ ಬೇರೆ ದಾರಿ ಸವರಿದೀವಿ, ಸ್ಟಾರ್ಟರ್‌ಗೆ ಮೊಬೈಲಿಂದ ಆನ್ ಮಾಡೋ ಡಬ್ಬಿ ಹಾಕ್ಸೋಣ ಅಂತಿದೀನಿ, ಹೇಗೂ ಬೇಕಿತ್ತು. ಆಳುಗಳಿಗೂ ಇಲಾಖೆಯವ್ರೇ ತಿಳಿಸಿ ಹೇಳಿದ್ರು, ಈಗ ಒಪ್ಪಿದಾರೆ. ಪೈತಾನ್ ವಿಷ್ಯಕ್ಕೆ ಮರಿಪೈತಾನ್ ಅವ್ರು ಮೆಸೇಜ್ ಮಾಡಿದ್ರು, ಅವ್ರ ಹತ್ರ ಇನ್ವರ್ಟರ್ ಎಲ್ಲ ಇದೆ, ಹುಡುಗನೂ ಅವ್ರೂ ಮಾತಾಡ್ಕೊಂಡು ನೋಂದಣಿ ಬದಲಾವಣೆ ಅರ್ಜಿ ಹಾಕ್ತಾರೆ. ಒಂದೇ ಪ್ರಶ್ನೆ ಉಳಿದಿದೆ: ಮರಿ ಹೊರಗೆ ಬಂದ್ಮೇಲೆ ಮನೆ ಕಡೆ ಬರ್ತಾವಾ? ಮರಿಗೂ ವಿಷ ಇರುತ್ತಾ?

ಆಗುಂಬೆ ಮಳೆ
ಹುಟ್ಟಿದ ಕ್ಷಣದಿಂದ್ಲೇ ಇರುತ್ತೆ. ಒಂದೂವರೆ ಅಡಿ ಉದ್ದ, ಕಪ್ಪು ಮೈಗೆ ಹಳದಿ ಪಟ್ಟೆ, ನೋಡೋಕೆ ಚೆಂದ ಅಂತ ಮಕ್ಕಳು ಮುಟ್ಟೋಕೆ ಹೋಗ್ತಾರೆ, ಹೇಳಿಡಿ. ಕೆಲವು ದಿನದಲ್ಲಿ ಚದುರಿ ಹೋಗ್ತಾವೆ, ದೊಡ್ಡ ಆಗೋವರೆಗೆ ಉಳಿಯೋದು ಕೆಲವೇ. ಆ ವಾರ ನಾಯೀನ ಕಟ್ಟಿ ಹಾಕಿ, ಕೋಳಿಗೂಡಿನ ಸುತ್ತ ನೈಲಾನ್ ಬಲೆ ಇದ್ರೆ ತೆಗೀರಿ, ಹಾವು ಸಿಕ್ಕಿ ಕೊಯ್ದುಕೊಂಡು ಸಾಯುತ್ತೆ. ಇನ್ನೊಂದು, 2024ರಲ್ಲಿ ಕಾಳಿಂಗವನ್ನ ನಾಲ್ಕು ಪ್ರಭೇದ ಅಂತ ಬೇರೆ ಮಾಡಿದ್ರು, ನಮ್ ಪಶ್ಚಿಮ ಘಟ್ಟದ್ದಕ್ಕೆ ಓಫಿಯೋಫೇಗಸ್ ಕಾಳಿಂಗ ಅಂತಲೇ ಹೆಸರು. ಈ ಘಟ್ಟ ಬಿಟ್ರೆ ಅದು ಇನ್ನೆಲ್ಲೂ ಇಲ್ಲ. ನಿಮ್ ಬಿದಿರು ಮೆಳೇಲಿ ಮಲಗಿರೋದು ಅದು.

ನರ್ಸಕ್ಕ
ಕಾಳಿಂಗಕ್ಕೆ ನಮ್ ದೇಶದ ಪ್ರತಿವಿಷ ಇಲ್ಲ, ಇಲ್ಲಿಯದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೇ ಮಾಡಿದ್ದು. ಹಾಗಾಗಿ ಹಗ್ಗ ದಾಟೋದು ಯಾರೂ ಬೇಡ. ಗುಳಿಮಂಡಲಕ್ಕೂ ಅದು ಕೆಲ್ಸಕ್ಕೆ ಬರಲ್ಲ, ಅದಕ್ಕೆ ಅಡಿಕೆ ಹಾಳೆ ಹೆಕ್ಕೋವಾಗ ಬರಿಗೈ ಹಾಕದೆ ಕೋಲಲ್ಲಿ ಮಗುಚಿ ಎತ್ತಿ, ತೋಟಕ್ಕೆ ಗಂಬೂಟ್ ಹಾಕ್ಕೊಂಡೇ ಇಳೀರಿ.

ಹೊಳೆಬಾಗಿಲು
ಗಂಬೂಟ್ ಯಾವ್ದು ತಗೊಳ್ಳೋದು ಅಕ್ಕ, ನಮ್ ಆಳುಗಳು ಜಾರುತ್ತೆ ಅಂತ ಹಾಕಲ್ಲ.

ಹಿನ್ನೀರು
ಮೊಣಕಾಲವರೆಗೆ ಬರೋದು, ಅಡಿ ಒರಟು ಹಲ್ಲಿಂದು ನೋಡಿ. ಒಂದು ಸೈಜ್ ದೊಡ್ಡದು ತಗೊಂಡು ದಪ್ಪ ಕಾಲುಚೀಲ ಹಾಕ್ಸಿ, ಜಾರಲ್ಲ. ರಾತ್ರಿ ತೆಗೆದಿಡೋವಾಗ ತಲೆಕೆಳಗೆ ಮಾಡಿ ಗೂಟಕ್ಕೆ ಸಿಕ್ಕಿಸ್ಲಿ, ಬೆಳಿಗ್ಗೆ ಕೊಡವಿ ಹಾಕ್ಕೊಳ್ಳಲಿ.